ಟವೆಲಿನ ಕೆಳಗೆ ನಡುಗಿದ ಕೈ: ಮೂಡಲಗಿ ಮಾರ್ಗವಾಗಿ ಹುಕ್ಕೇರಿಗೆ

ಈ ಪ್ರವಾಸಕ್ಕೆ ನನಗೆ ಬಂದ ಖರ್ಚು, ಬಸ್ಸು, ಚಹಾ, ಮೀನು, ಕರದಂಟು ಎಲ್ಲ ಸೇರಿ, ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಹೆಂಡತಿಯ ಬಸ್ ಖರ್ಚು ಇದರಲ್ಲಿ ಸೇರಿಲ್ಲ, ಯಾಕೆಂದರೆ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ. ಇದಕ್ಕೂ ಮೊದಲು ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇದರ ಎಷ್ಟೋ ಪಟ್ಟು ಸುರಿದು "ನಿಮ್ಮ ಹೃದಯಕ್ಕೆ ಏನೂ ಆಗಿಲ್ಲ" ಎಂದು ಹೇಳಿಸಿಕೊಂಡು ಬಂದಿದ್ದೆ. ಏನೂ ಇಲ್ಲದ್ದಕ್ಕೆ ಅಷ್ಟು ದುಡ್ಡು ಕೊಟ್ಟದ್ದು ನನ್ನ ವ್ಯವಹಾರದ ಬದುಕಿನಲ್ಲೇ ಮೊದಲು. ಏನೂ ಸಿಗದಿದ್ದರೆ ಸ್ವಲ್ಪ ಕಡಿಮೆ ಮಾಡಬೇಕಲ್ಲವೇ ಎಂದು ಕೌಂಟರಿನ ಹುಡುಗಿಗೆ ಕೇಳಿದೆ. ಆಕೆ ನಕ್ಕು ರಸೀದಿ ಹರಿದು ಕೊಟ್ಟಳು.

ನಾನು ಗೋಕಾಕದ ಎಮ್ಮೆ ದಲಾಲಿ. ಹೆಸರು ಸಾಮುವೇಲ, ಸಂತೆಯಲ್ಲಿ ಸಾಮಣ್ಣ. ಕೈಯಲ್ಲಿ ಒಂದು ಬಾರುಕೋಲು ಮಾತ್ರ ಹಿಡಿದು ಈ ಧಂದೆಗೆ ಇಳಿದವನು, ಇವತ್ತು ಸ್ವಂತ ಮನೆ, ಸ್ವಂತ ದನದ ಗೋಠಾ ಮಾಡಿಕೊಂಡಿದ್ದೇನೆ. ಯಾರಿಗೂ ಅಂಜಿದವನಲ್ಲ. ಆದರೆ ನಮ್ಮ ಅಪ್ಪ ಐವತ್ತಾರಕ್ಕೆ ಹೋದ. ಅಪ್ಪನ ತಮ್ಮ, ನನಗೆ ಈ ವಿದ್ಯೆ ಕಲಿಸಿದ ಕಾಕಾ, ಅವನೂ ಐವತ್ತಾರಕ್ಕೆ ಹೋದ. ಈ ಮಳೆಗಾಲಕ್ಕೆ ನನಗೆ ಐವತ್ತಾರು ಹಿಡಿಯಿತು. ಅವತ್ತಿನಿಂದ ಎದೆ ಢವಢವ ಎನ್ನತೊಡಗಿತು. ಅಂಗೈ ಬೆವರುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಬಾಗಿಲು ಯಾರಾದರೂ ಬಡಿದರೆ ಮೇಲಕ್ಕೆ ಕರೆಯಲಿಕ್ಕೇ ಬಂದರು ಎನಿಸುತ್ತಿತ್ತು. ಬಂದವರು ನೋಡಿದರೆ ಹಾಲಿನವರು.

ನಾವು ಮೂರು ತಲೆಮಾರಿನಿಂದ ಕ್ರೈಸ್ತರು. ಆದ್ದರಿಂದ ದೇವರ ಜೊತೆ ವ್ಯವಹಾರಕ್ಕೆ ಕುಳಿತೆ. "ಹತ್ತು ವರ್ಷ ಕೊಡು, ಚರ್ಚಿಗೆ ಒಂದು ಫ್ಯಾನು ಕೊಡುತ್ತೇನೆ" ಎಂದೆ. ಮಾತಿಗೆ ತಪ್ಪಲಿಲ್ಲ, ಮುಂಗಡವಾಗಿಯೇ ಕೊಟ್ಟೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಒಳ್ಳೆಯ ರೇಟಿಗೆ ಸಿಕ್ಕಿತು. ಆದರೆ ಅದು ತಿರುಗುವಾಗ ಹೆಳವನಂತೆ ಕುಂಟುತ್ತದೆ. ಈಗ ಅದರ ಕೆಳಗೆ ಯಾರೂ ಕೂರುವುದಿಲ್ಲ, ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೂ ಒಂದು ಕಣ್ಣು ತೆರೆದು ಅದನ್ನೇ ನೋಡುತ್ತಿರುತ್ತಾರೆ. ನನ್ನ ಎದೆಯಂತೂ ಸರಿಯಾಗಲಿಲ್ಲ.

ಆಗ ಹುಕ್ಕೇರಿಯಿಂದ ಕಾಕಾನ ಹೆಂಡತಿ, ನಮ್ಮ ಚಿಗವ್ವ ಮಾರ್ಥವ್ವ, ಎದೆಯ ಸುದ್ದಿ, ಫ್ಯಾನಿನ ಸುದ್ದಿ ಎರಡೂ ಕೇಳಿ ಫೋನು ಮಾಡಿದಳು. "ಏ ಸಾಮ್ಯಾ, ಕರುಣಾನ್ನ ಕರ್ಕೊಂಡು ಬಾ. ಕುಂತು ಪ್ರಾರ್ಥನಾ ಮಾಡೂಣು." ಕರುಣಾ ನನ್ನ ಹೆಂಡತಿ. ಹುಕ್ಕೇರಿ ಗೋಕಾಕದ ಪಶ್ಚಿಮಕ್ಕಿದೆ, ಮೂಡಲಗಿ ಪೂರ್ವಕ್ಕೆ. ಆದರೆ ಮೂಡಲಗಿಯಲ್ಲಿ ಮರುದಿನ ದನದ ಸಂತೆ ಇತ್ತು, ನನ್ನ ಒಂದು ಎಮ್ಮೆ ಮಾರುವುದಿತ್ತು. ಒಂದೇ ಕೆಲಸಕ್ಕೆ ಪ್ರವಾಸ ಮಾಡುವವನು ವ್ಯಾಪಾರಿಯಲ್ಲ. ಮೊದಲು ಮೂಡಲಗಿ, ಆಮೇಲೆ ಹುಕ್ಕೇರಿ ಎಂದು ನಿಶ್ಚಯಿಸಿದೆ.

ಬೆಳಿಗ್ಗೆ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಜಿಟಿಜಿಟಿ ಮಳೆ. ಚಿಗವ್ವನಿಗೆಂದು ಒಂದು ಡಬ್ಬಿ ಕರದಂಟು ಕೊಂಡೆ. ಅಂಗಡಿಯವನು ಹೇಳಿದ ರೇಟಿಗೆ ಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ, ಹೇಗೂ ಬರುವುದಿಲ್ಲವಲ್ಲ ಎಂದು ಹೇಳಿದ ರೇಟಿಗೇ ಕೊಂಡೆ. ಕರುಣಾ ನನ್ನ ಮುಖ ನೋಡಿ ಹೌಹಾರಿದಳು. "ಏನ್ರಿ, ಚೌಕಾಶಿ ಮಾಡಲಿಲ್ಲ? ಖರೆನ ಆರಾಮ ಇಲ್ಲೇನು ನಿಮಗ?"

ಬಸ್ಸಿನಲ್ಲಿ ಕಂಡಕ್ಟರು ನನ್ನಿಂದ ದುಡ್ಡು ತೆಗೆದುಕೊಂಡು, ಕರುಣಾಳ ಆಧಾರ್ ಕಾರ್ಡು ನೋಡಿ ಅವಳಿಗೊಂದು ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ನನಗೆ ಈ ಪುಕ್ಕಟೆ ಟಿಕೆಟ್ ಎಂದರೆ ಮೊದಲಿನಿಂದಲೂ ಸಂಶಯ.

"ಪುಕಟ ಕೊಟ್ಟ ಮಾಲಿನಾಗ ಏನರ ಒಂದು ಐಬ ಇರ್ತೈತಿ" ಎಂದೆ.

"ಹಂಗಾರ ನನ್ನ ಸೀಟು ನಿಮ್ಮ ಸೀಟಿಗಿಂತ ಗಿಡ್ಡ ಐತೇನು?" ಎಂದಳು. ಕಿಟಕಿಯ ಪಕ್ಕದ ಸೀಟು ಅವಳದೇ ಆಗಿತ್ತು.

ಲೋಳಸೂರ ಸೇತುವೆ ಬಂತು. ಕೆಳಗೆ ಘಟಪ್ರಭಾ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನನ್ನ ಎದೆ ಶುರುವಾಯಿತು. ಬೆವರು ಬಂತು, ಮುಂದಿನ ಸೀಟಿನ ಕಂಬಿ ಹಿಡಿದೆ. ಕರುಣಾ ನನ್ನ ಮೊಣಕೈ ಹಿಡಿದುಕೊಂಡು, ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೆ, "ಯೇಸಪ್ಪಾ, ಇವರ ಬಾಜೂಕ ಸ್ವಲ್ಪ ಕುಂದ್ರು" ಎಂದಳು. ಹಿಂದಿನ ಸೀಟಿನ ಮುದುಕ ಬಗ್ಗಿ, "ಇಲ್ಲೆ ಜಾಗಾ ಇಲ್ರೆವ್ವ, ಮೂರು ಮಂದಿ ಆಗ್ಯಾರ" ಎಂದ. ಅಷ್ಟರಲ್ಲಿ ಸೇತುವೆ ಮುಗಿದಿತ್ತು. ಕಲ್ಲೋಳಿ ಬರುವ ತನಕ ಅವಳು ನಕ್ಕಳು.

ಮೂಡಲಗಿ ಸಂತೆಯಲ್ಲಿ ಕೆಸರು ಕಣಕಾಲಿನ ತನಕ ಇತ್ತು. ಹೊಸಬರಿಗೆ ಒಂದು ಮಾತು ಹೇಳುತ್ತೇನೆ: ಮಳೆಗಾಲದಲ್ಲಿ ಈ ಸಂತೆಗೆ ಒಳ್ಳೆಯ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಕೆಟ್ಟದ್ದನ್ನೂ ಹಾಕಿಕೊಳ್ಳಬೇಡಿ, ಕೈಯಲ್ಲಿ ಹಿಡಿದುಕೊಳ್ಳಿ. ನನ್ನ ಪಾಲುದಾರ ದಸ್ತಗೀರಭಾಯಿ ಎಮ್ಮೆಯನ್ನು ಹಿಂದಿನ ದಿನವೇ ಟೆಂಪೋದಲ್ಲಿ ತಂದು, ತೊಳೆದು, ಕೋಡಿಗೆ ಎಣ್ಣೆ ಹಚ್ಚಿ ನಿಲ್ಲಿಸಿದ್ದ. ಪಂಢರಪುರಿ ಎಮ್ಮೆ, ಎರಡನೆಯ ಸೂಲು, ಕೋಡು ಬೆನ್ನಿನವರೆಗೆ. ಮಹಾರಾಷ್ಟ್ರದ ಜತ್ತ ಕಡೆಯ ಒಬ್ಬ ವ್ಯಾಪಾರಿ ಆಗಲೇ ಎರಡು ಸಲ ಸುತ್ತು ಹಾಕಿ, ಬೇಡದವನಂತೆ ಬೇರೆ ಕಡೆ ನೋಡುತ್ತ ನಿಂತಿದ್ದ. ಅದರರ್ಥ, ಅವನಿಗೆ ಬೇಕಿತ್ತು.

ನಮ್ಮ ಸಂತೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ನಾವು ರೇಟನ್ನು ಬಾಯಿಂದ ಆಡುವುದಿಲ್ಲ. ಇಬ್ಬರೂ ಕೈ ಹಿಡಿದು, ಮೇಲೆ ಒಂದು ಟವೆಲ್ ಮುಚ್ಚಿ, ಒಳಗೆ ಬೆರಳಿನಿಂದ ಮಾತಾಡುತ್ತೇವೆ. ಎರಡು ಬೆರಳು ಹಿಡಿದರೆ ಎರಡು, ನಾಲ್ಕು ಹಿಡಿದರೆ ನಾಲ್ಕು. ಸಾವಿರವೋ ಹತ್ತು ಸಾವಿರವೋ ಎಂಬುದು ಎಮ್ಮೆ ನೋಡಿದವನಿಗೆ ಗೊತ್ತಿರುತ್ತದೆ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಬಾಯಿ ಹವಾಮಾನದ ಬಗ್ಗೆ ಮಾತಾಡುತ್ತಿರುತ್ತದೆ, ಬೆರಳು ವ್ಯಾಪಾರ ಮಾಡುತ್ತಿರುತ್ತದೆ. ಮುಖ ಸುಳ್ಳು ಹೇಳಬಹುದು, ಕೈ ಹೇಳಲಾರದು. ಆದ್ದರಿಂದ ದಲಾಲಿಯ ಬಂಡವಾಳ ಎಂದರೆ ಗಟ್ಟಿ ಕೈ.

ಟವೆಲ್ ಹಾಕಿದೆವು. ನಾನು ನನ್ನ ರೇಟು ಹಿಡಿದೆ. ಆಗಲೇ ಹಾಳು ಎದೆ ಮತ್ತೆ ಶುರುವಾಯಿತು. ಅಂಗೈ ಒದ್ದೆಯಾಯಿತು, ಬೆರಳು ನಡುಗತೊಡಗಿದವು. ಜತ್ತದವನು ಒಂದು ಕ್ಷಣ ನನ್ನ ಮುಖ ನೋಡಿದ, ನಂತರ ಒಮ್ಮೆಲೇ ಒಂದು ಬೆರಳು ಕಡಿಮೆ ಹಿಡಿದ. ನಾನು ತಡವರಿಸಿದೆ. ಇನ್ನೊಂದು ಕಡಿಮೆ ಮಾಡಿದ. ನಾನು ಕೈ ಹಿಂದೆಗೆದುಕೊಂಡೆ.

ಅವನು ಇಡೀ ಸಂತೆಗೆ ಕೇಳುವಂತೆ ಹೇಳಿದ, "ಏನ್ರಿ ಸಾಮಣ್ಣ, ಎಮ್ಮಿ ಗಟ್ಟಿ ಐತಿ, ಮಾಲಕಗ ಥಂಡಿ ಬಂದೈತೇನು?"

ನಕ್ಕವರಲ್ಲಿ ನನ್ನ ಕೈಕೆಳಗೆ ಧಂದೆ ಕಲಿತವರೂ ಇದ್ದರು. ಎಮ್ಮೆಯೊಂದೇ ನಗಲಿಲ್ಲ.

ದಸ್ತಗೀರಭಾಯಿ ನನ್ನನ್ನು ಚಹಾದಂಗಡಿಗೆ ಕರೆದೊಯ್ದ. ಮಿರ್ಚಿ ಭಜಿ ತರಿಸಿದ. ನಾನು ತಿನ್ನಲಿಲ್ಲ ಎಂದು ಅವನಿಗೆ ಇನ್ನಷ್ಟು ಗಾಬರಿಯಾಯಿತು.

"ಸಾಮಣ್ಣ, ಸಿಟ್ಟಾಗಬ್ಯಾಡ" ಎಂದ. "ಇಷ್ಟು ವರ್ಷ ನಿನ್ನ ಕೈ ಮ್ಯಾಲ ಇಬ್ಬರ ಮನಿ ನಡದೈತಿ. ಕೈ ನಡಗತೈತಿ ಅಂತ ಒಬ್ಬಗ ಗೊತ್ತಾತಂದ್ರ ಎಲ್ಲಾರಿಗೂ ಗೊತ್ತಾದಂಗ. ಹುಕ್ಕೇರಿಗೆ ಹೋಗು, ದುವಾ ಮಾಡಿಸ್ಕೊ. ನಾನೂ ಮಾಡ್ತೇನಿ. ಎಮ್ಮಿ ಘಟಪ್ರಭಾ ಊರಾಗ ನಮ್ಮ ತಂಗಿ ಮನ್ಯಾಗ ಕಟ್ಟಿರ್ತೇನಿ, ಹೊಳ್ಳಿ ಬರೂ ಮುಂದ ಅಲ್ಲೇ ಇಳಿ. ಆದ್ರ ಆವಾಗೂ ಕೈ ಹಿಂಗ ಇತ್ತಂದ್ರ..." ಅವನು ಭಜಿಯ ಕಡೆ ನೋಡುತ್ತ ಮಾತು ಮುಗಿಸಿದ. "ಟವೆಲ್ ನನಗ ಕೊಟ್ಟಬಿಡು."

ನಮ್ಮಲ್ಲಿ ಟವೆಲ್ ಇನ್ನೊಬ್ಬನ ಹೆಗಲಿಗೆ ಹೋಯಿತೆಂದರೆ ಆ ದಲಾಲಿ ಮುಗಿದ ಎಂದೇ ಅರ್ಥ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಅದಕ್ಕೇ ಹೆಚ್ಚು ನಾಟಿತು.

ಮಧ್ಯಾಹ್ನ ಘಟಪ್ರಭಾಕ್ಕೆ ಬಂದು ಹುಕ್ಕೇರಿ ಬಸ್ಸು ಹಿಡಿದೆವು. ದಾರಿಯಲ್ಲಿ ಹಿಡಕಲ್ ಡ್ಯಾಮಿನ ಕಡೆಯ ಒಬ್ಬ ಹೆಣ್ಣುಮಗಳು ಮೀನಿನ ಬುಟ್ಟಿ ಹೊತ್ತು ಹತ್ತಿದಳು. ಬಸ್ಸಿನವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಬುಟ್ಟಿಯ ಬಾಯಿ ತೆಗೆದು ನೋಡಿದೆ. ಬೆಳಗ್ಗೆ ಹಿಡಿದ ಮೀನು, ಕಣ್ಣು ಇನ್ನೂ ಹೊಳೆಯುತ್ತಿದ್ದವು.

"ಹ್ಯಾಂಗವ್ವ?"

"ಸಂತ್ಯಾಗ ಕೇಳ್ರಿ, ಬಸ್ಸಿನಾಗ ಏನ್ ವ್ಯಾಪಾರ?"

"ಇಲ್ಲೇ ಮಾರಿದ್ರ ನಿನಗ ಹೊರೂ ಭಾರ ಕಡಿಮಿ. ಮ್ಯಾಲ ಇಷ್ಟು ಮಂದಿ ಮೂಗು ಬಿಡತಾರ, ಪುಣ್ಯ ಬರ್ತೈತಿ."

ಆಕೆ ನಕ್ಕು ಎರಡು ದೊಡ್ಡ ಮೀನು ಒಳ್ಳೆಯ ರೇಟಿಗೆ ಕೊಟ್ಟಳು. ಮಾತಿನ ವ್ಯಾಪಾರಕ್ಕೆ ನನ್ನ ಬಾಯಿ ಇನ್ನೂ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಕೈ ಒಂದೇ.

ಸಂಜೆ ಹುಕ್ಕೇರಿ ಮುಟ್ಟಿದೆವು. ಮಾರ್ಥವ್ವನ ಮನೆ ಸಂತೆ ಮೈದಾನದ ಹಿಂದೆ, ಎರಡು ಕೋಣೆ, ಮುಂದೊಂದು ನುಗ್ಗೆ ಗಿಡ. ಎಪ್ಪತ್ತು ದಾಟಿದ ಚಿಗವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಎಮ್ಮೆ ನೋಡಿದ ಹಾಗೆ ನೋಡಿದಳು. "ಸೊರಗೀದಿ. ನಾಳೆ ಪ್ರಾರ್ಥನಾ. ಇವತ್ತು ಮೀನು" ಎಂದಳು. ಜೋಳದ ರೊಟ್ಟಿ, ಮೀನಿನ ಸಾರು, ಶೇಂಗಾ ಚಟ್ನಿ. ಊಟ ಹೊಡೆದೆ. ನಿದ್ದೆಯ ವಿಷಯ ಬೇಡ.

ಮರುದಿನ ಬೆಳಿಗ್ಗೆ ಚಹಾ ಆದ ಮೇಲೆ ಮೂವರೂ ಚಾಪೆಯ ಮೇಲೆ ಕುಳಿತೆವು. ಚಿಗವ್ವ ತಲೆಯ ಮೇಲೆ ಸೆರಗು ಹೊದ್ದು, ನನ್ನ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದು, ಸೆರಗಿನ ತುದಿಯನ್ನು ಕೈಗಳ ಮೇಲೆ ಇಳಿಬಿಟ್ಟಳು. ಜಡ್ಡಾದವರಿಗಾಗಿ ಪ್ರಾರ್ಥಿಸುವಾಗ ಆಕೆ ಕೂರುವುದೇ ಹಾಗೆ. ಕಣ್ಣು ಮುಚ್ಚಿದೆವು.

"ತಂದೆ, ಈ ಹುಡುಗ ಅಂಜ್ಯಾನ" ಎಂದು ಶುರು ಮಾಡಿದಳು. ಐವತ್ತಾರರ ಹುಡುಗ ನಾನು, ತಲೆ ಬಗ್ಗಿಸಿದೆ. "ಇವನ ಎದ್ಯಾಗಿಂದು ನೀ ಬಲ್ಲಿ..."

ಅದು ಹೇಗಾಯಿತೋ ನನಗೆ ತಿಳಿಯದು. ಬಟ್ಟೆಯ ಕೆಳಗೆ ಒಂದು ಕೈ ಸಿಕ್ಕಿದರೆ ಸುಮ್ಮನಿರುವುದು ನನ್ನ ಬೆರಳುಗಳಿಗೆ ಗೊತ್ತಿಲ್ಲ. ಮನಸ್ಸು ದೇವರ ಕಡೆ ಇತ್ತು, ಹತ್ತು ವರ್ಷ ಕೊಡು ಎನ್ನುತ್ತಿತ್ತು. ಬೆರಳು ತಾವಾಗಿಯೇ ಚಿಗವ್ವನ ಎರಡು ಬೆರಳು ಹಿಡಿದವು. ಆ ಕಡೆಯಿಂದ ಉತ್ತರ ಬರಲಿಲ್ಲ. ಕಡಿಮೆಯಾಯಿತೆಂದು ಮೂರು ಹಿಡಿದೆ. ಉತ್ತರವಿಲ್ಲ. ನಾಲ್ಕು ಹಿಡಿದು ಒತ್ತಿದೆ.

ಪ್ರಾರ್ಥನೆ ನಿಂತಿತು.

"ಏ ಸಾಮ್ಯಾ."

"ಆಂ, ಚಿಗವ್ವ?"

"ನಾಕು ಅಂದ್ರ ಏನು? ನಾಕು ವರ್ಷಾನೋ, ನಾಕು ಫ್ಯಾನೋ?"

ನಾನು ಮರೆತೇಬಿಟ್ಟಿದ್ದೆ. ಆಕೆ ದಲಾಲಿಯ ಹೆಂಡತಿ, ಕಾಕಾ ಮನೆಯಲ್ಲಿ ಉಪ್ಪು ಹೆಚ್ಚಾಯಿತು ಎಂಬುದನ್ನೂ ಬೆರಳಿನಲ್ಲೇ ಹೇಳುತ್ತಿದ್ದ. "ಫ್ಯಾನು" ಎಂದೆ, ಸುಳ್ಳು ಹೇಳಲಾಗದೆ.

ಕರುಣಾ ಸೆರಗನ್ನು ಬಾಯಿಗೆ ತುರುಕಿಕೊಂಡಳು, ಆದರೂ ನಗು ಹೊರಗೆ ಬಂತು. ಚಿಗವ್ವನೂ ನಕ್ಕಳು, ಕಣ್ಣೀರು ಬರುವ ತನಕ ನಕ್ಕಳು. "ಒಂದು ಕುಂಟ ಫ್ಯಾನು ಕೊಟ್ಟೀದಿ, ಇನ್ನ ನಾಕು ಕೊಟ್ರ ಚರ್ಚಿನಾಗ ಮಂದಿ ಎಲ್ಲಿ ಕುಂದ್ರಬೇಕೋ? ದೇವರ ಕೈಯಾಗೂ ರೇಟ್ ಕುದುರಸಾಕ ನೋಡ್ತೀಯಲ್ಲ, ನಮ್ಮ ಮನ್ಯಾವರ ಖರೇ ಶಿಷ್ಯ ನೀ!"

ಆಮೇಲೆ ಕಣ್ಣು ಒರೆಸಿಕೊಂಡು, ನನ್ನ ಕೈ ಬಿಡದೆ ಹೇಳಿದಳು.

"ನಿಮ್ಮ ಕಾಕಾ ಐವತ್ತಾರಕ್ಕ ಸತ್ತದ್ದು ಖರೆ. ಆದ್ರ ಅಣ್ಣ ಹೋದಾಗಿಂದ ಬದುಕೂದು ಬಿಟ್ಟಿದ್ದ. ಊಟ ರುಚಿ ಇಲ್ಲ, ಮಾತಿಲ್ಲ, ಬಾಗಲಾ ಕಡೆ ನೋಡೂದು. ಹಿಂಗ ಬೆರಳು ಹಿಡದು ದೇವರ ಜೋಡಿ ಚೌಕಾಶಿ. ಕಡೀಕ ಒಂದ ದಿನ ಮುಂಜಾನೆ ಎದ್ದು ಅಂದ, ಮಾರ್ಥಾ, ನನ್ನ ಕಡೆ ಕೊಡಾಕ ಏನೂ ಉಳದಿಲ್ಲ, ಕೈ ಬಿಚ್ಚೇನಿ ಅಂತ. ಅವತ್ತಿಂದ ಹೊಳ್ಳಿ ನಗಾಕ ಹತ್ತಿದ. ಸಂತಿಗೆ ಹೋಗಿ ಭಜಿ ತಿಂದು ಬರ್ತಿದ್ದ. ಉಳದಿದ್ದು ಮೂರ ತಿಂಗಳು. ನಮ್ಮ ಸಂಸಾರದಾಗ ಅವು ಭಾಳ ಚಲೋ ಮೂರ ತಿಂಗಳು."

ನನಗೆ ಈ ಸಂಗತಿ ಗೊತ್ತಿರಲಿಲ್ಲ. ಕಾಕಾ ಸತ್ತ ವಯಸ್ಸನ್ನು ಲೆಕ್ಕ ಹಿಡಿದಿದ್ದೆ, ಅವನು ಹೇಗೆ ಹೋದ ಎಂದು ಯಾವತ್ತೂ ಕೇಳಿರಲಿಲ್ಲ.

"ಬೆವರತೈತಿ ಅಂತ ನಾಚಬ್ಯಾಡ" ಎಂದಳು ಚಿಗವ್ವ. "ಯೇಸುಸ್ವಾಮಿಗೂ ಸಾಯೂ ಹಿಂದಿನ ದಿನ ಬೆವರು ಬಂದಿತ್ತು. ತೋಟದಾಗ ಒಬ್ಬನ ಮೊಣಕಾಲೂರಿ, ತಪ್ಪಿಸಾಕ ಆದ್ರ ತಪ್ಪಸು ಅಂತ ಅವನೂ ಕೇಳಿದ. ಆಮ್ಯಾಲ, ನಿನ್ನ ಮನಸಿನಂಗ ಆಗಲಿ ಅಂತ ಕೈ ಬಿಚ್ಚಿದ. ಅಂಜಿಕಿ ಅಂದ್ರ ಏನು ಅಂತ ಅವಗ ಗೊತ್ತೈತಿ. ಗೊತ್ತಿದ್ದಾವನ ಕೈಯಾಗ ನಿನ್ನ ಕೈ ಐತಿ. ಅವಗ ಯಾಕ ಲಂಚಾ?"

ಹೀಗೆ ಹೇಳಿ, ಹಟ ಮಾಡುವ ಕೂಸಿನ ಮುಷ್ಟಿ ಬಿಡಿಸಿದಂತೆ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ, ಅಂಗೈ ಮೇಲೆ ಮಾಡಿ ನನ್ನ ತೊಡೆಯ ಮೇಲಿಟ್ಟಳು. ಸೆರಗು ತೆಗೆದಳು. ಆ ಕೈ ಬರಿದಾಗಿ, ಎಲ್ಲರಿಗೂ ಕಾಣುವಂತೆ, ನಡುಗುತ್ತ ಕೂತಿತು.

"ಈಗ ಹೇಳು."

"ಏನ್ ಹೇಳ್ಲಿ?"

"ಇದ್ದದ್ದು ಹೇಳು."

ಮಾತು ಹುಡುಕಿದೆ. ಇಡೀ ಬದುಕು ಮಾತು ಮಾರಿ ತಿಂದವನಿಗೆ ಒಂದೂ ಸಿಗಲಿಲ್ಲ. ಕೊನೆಗೆ, "ಸ್ವಾಮಿ, ನನಗ ಅಂಜಿಕಿ ಐತಿ" ಎಂದೆ. ಅಷ್ಟೇ. ಹತ್ತು ವರ್ಷದ ಮಾತು ಬರಲೇ ಇಲ್ಲ. ಅಳು ಬಂತು. ಟವೆಲ್ ಚೀಲದಲ್ಲಿತ್ತು, ಕರುಣಾಳ ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಅದು ಹೊಸ ಸೀರೆ ಎಂದು ಆಮೇಲೆ ತಿಳಿಯಿತು.

ಮಿಂಚು ಹೊಡೆಯಿತೇ, ದನಿ ಕೇಳಿಸಿತೇ ಎಂದು ನಮ್ಮ ಓಣಿಯವರು ಕೇಳುತ್ತಾರೆ. ಇಲ್ಲ. ಎಮ್ಮೆ ಇಳಿಸಿದ ಮೇಲೆ ಟೆಂಪೋದ ಹಿಂಭಾಗ ಮೆಲ್ಲಗೆ ಮೇಲೇಳುತ್ತದಲ್ಲ, ಹಾಗಾಯಿತು. ಗಾಡಿ ಅದೇ, ರಸ್ತೆ ಅದೇ, ಭಾರ ಮಾತ್ರ ಬೇರೆಯವರು ಇಳಿಸಿಕೊಂಡಿದ್ದರು. ಅದೇ ಚಾಪೆಯ ಮೇಲೆ ಒರಗಿದೆ. ಎಚ್ಚರಾದಾಗ ಮಧ್ಯಾಹ್ನವಾಗಿತ್ತು, ಬಸ್ಸು ತಪ್ಪಿತ್ತು. "ಎಬ್ಬಸಬೇಕಿಲ್ಲೋ?" ಎಂದು ಕರುಣಾಳಿಗೆ ರೇಗಿದೆ. "ಎಷ್ಟೋ ದಿನದ ಮ್ಯಾಲ ನೀವು ಗೊರಕಿ ಹೊಡದ್ರಿ. ನಾನೂ ಚಿಗವ್ವನೂ ಕುಂತು ಕೇಳಿದ್ವಿ" ಎಂದಳು.

ಹೊರಡುವಾಗ ವಾಡಿಕೆಯಂತೆ ಚಿಗವ್ವನ ಕೈಗೆ ಸ್ವಲ್ಪ ದುಡ್ಡು ಇಡಲು ಹೋದೆ. ಆಕೆ ಕರದಂಟಿನ ಡಬ್ಬಿ ಮಾತ್ರ ಇಟ್ಟುಕೊಂಡು, "ಪುಕಟ ಸಿಕ್ಕಿದ್ದನ್ನ ಪುಕಟ ತಗೊಳ್ಳಾಕ ಕಲಿಯೋ" ಎಂದಳು. ಕರುಣಾ ತನ್ನ ಸೊನ್ನೆ ರೂಪಾಯಿಯ ಟಿಕೆಟನ್ನು ಪರ್ಸಿನಿಂದ ತೆಗೆದು ನನ್ನ ಮುಖದ ಮುಂದೆ ಹಿಡಿದಳು.

ಘಟಪ್ರಭಾದಲ್ಲಿ ಇಳಿದೆವು. ದಸ್ತಗೀರಭಾಯಿಯ ತಂಗಿಯ ಹಿತ್ತಲಿನಲ್ಲಿ ಎಮ್ಮೆ ಕಟ್ಟಿತ್ತು, ಅದರ ಮುಂದೆ ಜತ್ತದವನು ನಿಂತಿದ್ದ! ಬೇರೆ ಎಮ್ಮೆ ಮನಸ್ಸಿಗೆ ಬರಲಿಲ್ಲವಂತೆ, ದಸ್ತಗೀರಭಾಯಿಗೆ ಫೋನು ಮಾಡಿ ಹುಡುಕಿಕೊಂಡು ಬಂದಿದ್ದ. ಬೇಕಾದದ್ದೂ ಇತ್ತು, ನನ್ನ ಕೈ ನಡುಗುತ್ತದೆ ಎಂಬ ಆಸೆಯೂ ಇತ್ತು. ದಸ್ತಗೀರಭಾಯಿ ನನ್ನ ಮುಖ ನೋಡಿದ. ಟವೆಲಿಗಾಗಿ ಕೈ ಚಾಚಿದನೋ, ಕೈಕುಲುಕಲು ಚಾಚಿದನೋ, ಅವನಿಗೇ ಗೊತ್ತಿರಲಿಲ್ಲ. ನಾನು ಟವೆಲ್ ತೆಗೆದು ನಾನೇ ಹಾಸಿದೆ.

ಜತ್ತದವನು ನಿನ್ನೆಯ ರೇಟಿಗಿಂತಲೂ ಕೆಳಗೆ ಹಿಡಿದ. ನನ್ನ ಎದೆ ಢವ್ ಎಂದಿತು. ಬೆವರು ಬಂತು. ಬೆರಳು ನಡುಗಿದವು. ಹೋಯಿತು, ಪ್ರಾರ್ಥನೆ ಒಂದು ದಿನವೂ ಬಾಳಲಿಲ್ಲ ಎನಿಸಿತು. ಆಗ ಮನಸ್ಸಿನಲ್ಲೇ, 'ಸ್ವಾಮಿ, ಅಂಜಿಕಿ ಐತಿ' ಎಂದೆ. ಗೊತ್ತಿದ್ದವನಿಗೆ ಹೇಳಿದೆ, ಅಷ್ಟೇ. ಬಟ್ಟೆಯ ಕೆಳಗೆ ಕೈ ಪೂರ್ತಿ ಬಿಚ್ಚಿದೆ. ಜತ್ತದವನು ಗಲಿಬಿಲಿಗೊಂಡ, ನಮ್ಮ ಬೆರಳಿನ ಭಾಷೆಯಲ್ಲಿ ಅದಕ್ಕೆ ಅರ್ಥವೇ ಇಲ್ಲ. ಒಂದು ಉಸಿರಿನ ನಂತರ, ಸಂತೆಯಲ್ಲಿ ಮೊದಲು ಹಿಡಿದ ರೇಟನ್ನೇ ಮತ್ತೆ ಹಿಡಿದೆ.

"ಕೈ ಇನ್ನೂ ನಡಗಾಕತ್ತೈತಲ್ರಿ ಸಾಮಣ್ಣ" ಎಂದ.

"ನಡಗ್ಲಿ ಬಿಡ್ರಿ" ಎಂದೆ. "ಅದರ ಕೆಲಸ ಅದು ಮಾಡ್ತೈತಿ. ರೇಟ್ ನಡಗತೈತೇನು ನೋಡ್ರಿ."

ಅವನು ಒಂದು ಬೆರಳು ಇಳಿಸಿದ. ನಾನು ಇಳಿಯಲಿಲ್ಲ. ಮತ್ತೆ ಇಳಿಸಿದ. ನಾನು ಮಳೆಯ ಬಗ್ಗೆ ಮಾತಾಡಿದೆ. ಎಮ್ಮೆ ಸಗಣಿ ಹಾಕಿತು. ಬಹಳ ಹೊತ್ತಿನ ಮೇಲೆ ಜತ್ತದವನು ಜೋರಾಗಿ ಉಸಿರು ಬಿಟ್ಟು, ನಾನು ಹಿಡಿದಷ್ಟೇ ಬೆರಳು ಹಿಡಿದ. ದಸ್ತಗೀರಭಾಯಿ ಟವೆಲ್ ಎತ್ತಿಕೊಂಡು ಝಾಡಿಸಿ, ಒಂದು ಕ್ಷಣ ಕೈಯಲ್ಲೇ ಹಿಡಿದ. ಆಮೇಲೆ ಅದನ್ನು ನನ್ನ ಹೆಗಲ ಮೇಲೆ ಹಾಕಿ, "ಭಜಿ ತಿಂತೀಯೇನು?" ಎಂದು ಕೇಳಿದ. ತಿಂದೆ. ಅವನ ಪಾಲಿನದೂ ತಿಂದೆ.

ಸಂಜೆ ಊರು ಮುಟ್ಟಿದೆವು. ನನಗೆ ಈಗಲೂ ಐವತ್ತಾರೇ. ಎದೆ ಈಗಲೂ ಒಮ್ಮೊಮ್ಮೆ ಹಾರುತ್ತದೆ, ಆಗ ಗೊತ್ತಿದ್ದವನಿಗೆ ಹೇಳುತ್ತೇನೆ, ಭಾರ ಇಳಿಯುತ್ತದೆ. ಎಷ್ಟು ವರ್ಷ ಉಳಿದಿದೆಯೋ ಕೇಳಿಲ್ಲ. ಬಾಗಿಲು ಬಡಿದರೆ ಹಾಲಿನವನೇ ಎಂದುಕೊಳ್ಳುತ್ತೇನೆ.

ಇನ್ನು ಈ ದಾರಿಯಲ್ಲಿ ಹೊರಡುವವರಿಗೆ ನಾಲ್ಕು ಮಾತು. ಎದೆ ಢವಢವ ಎಂದರೆ ಮೊದಲು ಡಾಕ್ಟರಿಗೆ ತೋರಿಸಿ, ಏನೂ ಇಲ್ಲ ಎಂದರೆ ದುಡ್ಡು ಹೋಯಿತೆಂದು ಸಂಕಟಪಡಬೇಡಿ. ಹೆಂಗಸರು ಆಧಾರ್ ಕಾರ್ಡು ಮರೆಯಬಾರದು. ಮೀನು ಬಸ್ಸಿನಲ್ಲೇ ಕೊಳ್ಳಿ, ಸಂತೆಗೆ ಹೋದರೆ ರೇಟು ಏರುತ್ತದೆ. ಚರ್ಚಿಗೆ ಫ್ಯಾನು ಕೊಡುವುದಾದರೆ ಹೊಸದೇ ಕೊಡಿ, ಆದರೆ ಗಾಳಿ ಬರಲೆಂದು ಕೊಡಿ, ಬೇರೆ ಏನೂ ಬರಲೆಂದು ಅಲ್ಲ. ಪ್ರಾರ್ಥನೆಗೆ ಕೂತಾಗ ಕೈ ಎಲ್ಲರಿಗೂ ಕಾಣುವ ಹಾಗೆ ಮೇಲೆಯೇ ಇಟ್ಟುಕೊಳ್ಳಿ. ಮಳೆಗಾಲ, ಟವೆಲ್ ಅವಶ್ಯ ಒಯ್ಯಿರಿ. ತಲೆ ಒರೆಸಿಕೊಳ್ಳಲಿಕ್ಕೆ ಮಾತ್ರ.